ಮೈನಸ್ 15 ಡಿಗ್ರಿಯಲ್ಲಿ ಕ್ಯಾಂಪರ್ ಟಾಯ್ಲೆಟ್: ಒಡೆದ ವಾಲ್ವ್‌ನಿಂದ ಬೆಚ್ಚಗಿನ ಪೆಟ್ಟಿಗೆಯವರೆಗೆ

ಕ್ಯಾಂಪರ್‌ನಲ್ಲಿ, ಅಂದರೆ ಗಾಲಿ ಮೇಲಿನ ನಮ್ಮ ಪುಟ್ಟ ಮನೆಯಲ್ಲಿ, ಬೆಳಗ್ಗೆ ಆರೂವರೆಗೆ ಅಮ್ಮ ಎಬ್ಬಿಸಿದಳು. "ಪೆಡಲ್ ಒತ್ತಿದರೆ ಕೆಳಗೇ ಹೋಗ್ತಿಲ್ಲ ಕಣೋ, ಕಲ್ಲಿನ ಹಾಗೆ ಕೂತಿದೆ." ಹೊರಗಿನ ಥರ್ಮಾಮೀಟರ್ ಮೈನಸ್ 9 ತೋರಿಸುತ್ತಿತ್ತು. ಟಾರ್ಚ್ ಹಿಡಿದು ನೋಡಿದೆ. ವಾಸನೆ ಮೇಲೆ ಬರದಿರಲಿ ಅಂತ ಕಮೋಡಿನ ತಳದಲ್ಲಿ ಸದಾ ಒಂದು ಲೋಟದಷ್ಟು ನೀರು ನಿಂತಿರುತ್ತದಲ್ಲ, ಅದು ಗಾಜಿನ ಬಿಲ್ಲೆಯಾಗಿತ್ತು. ಅಂಚಿನಲ್ಲಿ ಸಣ್ಣ ಗುಳ್ಳೆಗಳು, ನಡುವೆ ಒಂದು ಬಿಳಿ ಗೀರು. ಬೆರಳಿನಿಂದ ತಟ್ಟಿದರೆ ಟಕ್ ಟಕ್ ಅನ್ನುತ್ತಿತ್ತು.

ಅಮ್ಮನಿಗೆ ಮಂಡಿ ನೋವು. ರಾತ್ರಿ ಎರಡು ಸಲವಾದರೂ ಏಳಲೇಬೇಕು. ಕ್ಯಾಂಪಿನ ಸಾರ್ವಜನಿಕ ಟಾಯ್ಲೆಟ್ ಇನ್ನೂರು ಹೆಜ್ಜೆ ದೂರ, ದಾರಿಯೆಲ್ಲ ಜಾರುವ ಐಸ್. ಕತ್ತಲಲ್ಲಿ ಅವಳನ್ನು ಆ ದಾರಿಗೆ ಕಳಿಸುವ ಮಾತೇ ಇಲ್ಲ. ಟಾಯ್ಲೆಟ್ ಮುಚ್ಚಿಟ್ಟು ಚಳಿಗಾಲ ಕಳೆಯುವುದು ನಮಗೆ ಆಗದ ಕೆಲಸ. ಎಷ್ಟೇ ಚಳಿ ಬಿದ್ದರೂ ಇದು ರಾತ್ರಿಯಿಡೀ ನಡೆಯಬೇಕು ಅಂತ ಅವತ್ತೇ ತೀರ್ಮಾನಿಸಿದೆ. ಆಮೇಲಿನ ಮೂರು ವಾರ ಏನು ಒಡೆಯಿತು, ಏನು ಬದಲಿಸಿದೆ, ಯಾವುದು ಕೆಲಸಕ್ಕೆ ಬರಲಿಲ್ಲ ಅನ್ನುವುದನ್ನು ಬರೆದಿಡುತ್ತಿದ್ದೇನೆ.

ಮೊದಲು ನಮ್ಮ ಗಾಡಿಯ ವ್ಯವಸ್ಥೆ ಹೇಳಿಬಿಡುತ್ತೇನೆ. ಇದು ಕಾರಿನ ಹಿಂದೆ ಎಳೆಯುವ ಕ್ಯಾಂಪರ್. ಕಮೋಡಿನ ತಳದಲ್ಲಿ ಅರ್ಧ ಚೆಂಡಿನಂಥ ಮುಚ್ಚಳ, ಅದರ ಸುತ್ತ ರಬ್ಬರ್ ಸೀಲ್. ಪೆಡಲ್ ಒತ್ತಿದರೆ ಚೆಂಡು ಪಕ್ಕಕ್ಕೆ ಸರಿದು ಎಲ್ಲವೂ ನೇರ ಕೆಳಗೆ, ಮಲಿನ ನೀರು ಸೇರುವ ಬ್ಲ್ಯಾಕ್ ಟ್ಯಾಂಕ್‌ಗೆ ಬೀಳುತ್ತದೆ. ಟ್ಯಾಂಕ್ 90 ಸೆಂಟಿಮೀಟರ್ ಉದ್ದ, 45 ಅಗಲ, 18 ಎತ್ತರ. ಸುಮಾರು 73 ಲೀಟರ್ ಹಿಡಿಯುತ್ತದೆ. ಅದು ನೆಲದ ಕೆಳಗೆ ನೇತಾಡುತ್ತದೆ. ಅದರ ಕೆಳಗೆ ತೆಳುವಾದ ಒಂದು ಪ್ಲಾಸ್ಟಿಕ್ ಹಾಳೆ, ಅಷ್ಟೇ. ಟ್ಯಾಂಕಿನ ಬಾಯಿಂದ ಮೂರು ಇಂಚಿನ ಪೈಪು ಹೊರಟು ಗೇಟ್ ವಾಲ್ವ್‌ಗೆ ಸೇರುತ್ತದೆ. ಹಿಡಿ ಎಳೆದರೆ ಅದರೊಳಗಿನ ತೆಳು ತಗಡು ಸರಿದು ಟ್ಯಾಂಕ್ ಖಾಲಿಯಾಗುತ್ತದೆ. ಈ ವಾಲ್ವ್ ಮತ್ತು ಆ ಗೇಣುದ್ದದ ಪೈಪು, ಎರಡೂ ಗಾಳಿಗೆ ಬರಿಮೈ ಒಡ್ಡಿಕೊಂಡು ನಿಂತಿವೆ.

ಮೊದಲ ದಿನ. ಕಮೋಡಿಗೆ ಕುದಿಯುವ ನೀರು ಸುರಿಯಬೇಡಿ. ತಣ್ಣಗಿರುವ ಪಿಂಗಾಣಿ ಒಮ್ಮೆಲೇ ಬಿಸಿಯಾದರೆ ಬಿರುಕು ಬಿಡುತ್ತದೆ, ಪ್ಲಾಸ್ಟಿಕ್ ಆದರೆ ಮೆತ್ತಗಾಗುತ್ತದೆ. ಕೈಗೆ ಬೆಚ್ಚಗೆ ಅನ್ನಿಸುವಷ್ಟು ನೀರನ್ನು ಅರ್ಧರ್ಧ ಲೋಟ ಹಾಕುತ್ತಾ, ಕರಗಿದ್ದನ್ನು ಸ್ಪಂಜಿನಲ್ಲಿ ತೆಗೆಯುತ್ತಾ ಹೋದೆ. ಇಪ್ಪತ್ತು ನಿಮಿಷಕ್ಕೆ ಐಸ್ ಬಿಲ್ಲೆ ಅಲ್ಲಾಡಿತು, ಇನ್ನೈದು ನಿಮಿಷಕ್ಕೆ ಚೆಂಡು ಸರಿಯಿತು. ಅಷ್ಟು ಹೊತ್ತು ಪೆಡಲ್ ಮುಟ್ಟದೆ ಇದ್ದದ್ದು ಒಳ್ಳೆಯದಾಯಿತು. ಐಸ್ ಅಂಟಿಕೊಂಡಿರುವಾಗ ಬಲವಾಗಿ ತುಳಿದರೆ ಸೀಲಿನ ತುಟಿ ಹರಿಯುತ್ತದೆ. ಹರಿದ ಸೀಲ್ ನೀರು ನಿಲ್ಲಿಸುವುದಿಲ್ಲ, ನೀರು ನಿಲ್ಲದಿದ್ದರೆ ವಾಸನೆ ನಿಲ್ಲುವುದಿಲ್ಲ.

ಸರಿಹೋಯಿತು ಅಂದುಕೊಂಡೆ. ಹನ್ನೊಂದು ಗಂಟೆಗೆ ಬಿಸಿಲು ಬಂತು. ಬಾತ್‌ರೂಮ್ ಬೆಚ್ಚಗಾಯಿತು. ಆಗ ಕಮೋಡಿನ ಹಿಂದಿನಿಂದ ತಟತಟ ಅಂತ ನೀರು ಬೀಳತೊಡಗಿತು.

ಐಸ್ ಮಾಡುವ ಹಾನಿ ಹೀಗೇ. ನೀರು ಹೆಪ್ಪುಗಟ್ಟುವಾಗ ಸುಮಾರು ನೂರಕ್ಕೆ 9ರಷ್ಟು ಹಿಗ್ಗುತ್ತದೆ. ಪ್ಲಾಸ್ಟಿಕ್ ಒಡೆದರೂ ಆ ಬಿರುಕನ್ನು ಐಸೇ ಮುಚ್ಚಿಕೊಂಡಿರುತ್ತದೆ. ಕರಗಿದ ಮೇಲೆಯೇ ಗೊತ್ತಾಗುವುದು. ಕನ್ನಡಿ ಹಿಡಿದು ಹಿಂಬದಿ ನೋಡಿದೆ. ಪೆಡಲ್ ಒತ್ತಿದಾಗ ಫ್ಲಶ್ ನೀರು ಬಿಡುವ ಪ್ಲಾಸ್ಟಿಕ್ ವಾಲ್ವ್‌ನ ಮೈಯಲ್ಲಿ ಕೂದಲೆಳೆಯಂಥ ಸೀಳು. ಪಂಪ್ ಆಫ್ ಮಾಡಿದೆ, ಕೆಳಗೆ ಪಾತ್ರೆ ಇಟ್ಟೆ.

ಎರಡನೇ ದಿನ ಆ ವಾಲ್ವ್ ಬದಲಿಸಿದೆ. ಕೆಲವು ಮಾದರಿಗಳಲ್ಲಿ ಹಿಂದಿನಿಂದ ಎರಡು ಸ್ಕ್ರೂ ಬಿಚ್ಚಿದರೆ ಸಾಕು. ನಮ್ಮದರಲ್ಲಿ ಕೈ ತೂರುವುದಿಲ್ಲ, ಕಮೋಡನ್ನೇ ಎತ್ತಬೇಕು. ನೀರಿನ ಪೈಪ್ ಬಿಚ್ಚಿ, ನೆಲದ ಎರಡು ಬೋಲ್ಟ್ ತೆಗೆದು, ಕಮೋಡನ್ನು ನೇರ ಮೇಲಕ್ಕೆತ್ತಿ ಹಳೆಯ ಟವೆಲ್ ಮೇಲೆ ಮಲಗಿಸಿದೆ. ತೂತಿಗೆ ತಕ್ಷಣ ಬಟ್ಟೆ ತುರುಕಿದೆ. ಬೋಲ್ಟ್ ಒಳಗೆ ಬಿದ್ದರೆ ಮತ್ತೆ ಸಿಗುವುದಿಲ್ಲ, ವಾಸನೆಯಂತೂ ಹೇಳುವುದೇ ಬೇಡ. ಹೊಸ ವಾಲ್ವ್ ಕೂರಿಸುವುದು ಹತ್ತು ನಿಮಿಷದ ಕೆಲಸ. ವಾಲ್ವ್ ಮೇಲಿನ ವ್ಯಾಕ್ಯೂಮ್ ಬ್ರೇಕರ್ (ಕಮೋಡಿನ ನೀರು ಶುದ್ಧ ನೀರಿನ ಪೈಪಿಗೆ ವಾಪಸ್ ಹೋಗದಂತೆ ತಡೆಯುವ ಭಾಗ) ಅನ್ನೂ ಬೆಳಕಿಗೆ ಹಿಡಿದು ನೋಡಿ. ಅದೂ ಚಳಿಗೆ ಒಡೆಯುವ ಜಾತಿ. ನಮ್ಮದು ಚೆನ್ನಾಗಿತ್ತು.

ಕಮೋಡ್ ಎತ್ತಿದ ಮೇಲೆ ನೆಲದ ಸೀಲ್ ಬದಲಿಸಲೇಬೇಕು. ಒಮ್ಮೆ ಒತ್ತಿಕೊಂಡ ರಬ್ಬರ್ ಮತ್ತೆ ಅದೇ ಜಾಗಕ್ಕೆ ಸರಿಯಾಗಿ ಕೂರುವುದಿಲ್ಲ. ಚೆಂಡಿನ ಸೀಲಿಗೆ ಸಿಲಿಕೋನ್ ಗ್ರೀಸ್ ಹಚ್ಚಿದೆ. ಮನೆಯಲ್ಲಿದೆ ಅಂತ ಪೆಟ್ರೋಲಿಯಂ ಜೆಲ್ಲಿ ಹಚ್ಚಬೇಡಿ, ಅದರಿಂದ ರಬ್ಬರ್ ಉಬ್ಬುತ್ತದೆ. ಬೋಲ್ಟ್‌ಗಳನ್ನು ಒಂದು ಸುತ್ತು ಇದು, ಒಂದು ಸುತ್ತು ಅದು ಅಂತ ಸಮವಾಗಿ ಬಿಗಿಮಾಡಿ. ಕಮೋಡ್ ಅಲ್ಲಾಡದಿದ್ದರೆ ಸಾಕು, ಅದಕ್ಕಿಂತ ಜಾಸ್ತಿ ತಿರುಗಿಸಿದರೆ ಬುಡ ಸೀಳುತ್ತದೆ.

ಹೊಸ ವಾಲ್ವ್ ಹಾಕಿದೆ ನಿಜ, ಆದರೆ ಅದಕ್ಕೆ ನೀರು ಕೊಡಲಿಲ್ಲ. ಆ ಪೈಪು ಗೋಡೆಯೊಳಗೆ ಹಾದುಹೋಗುತ್ತದೆ, ಅದನ್ನು ಬಿಸಿಯಿಡುವ ದಾರಿ ನನಗಿಲ್ಲ. ಬಿಸಿಯಿಡಲಾಗದ ಕಡೆ ನೀರೇ ಇರಬಾರದು. ಟಾಯ್ಲೆಟ್‌ಗೆ ಹೋಗುವ ಲೈನ್ ಮುಚ್ಚಿದೆ, ತಳದ ಡ್ರೈನ್ ಬಿಚ್ಚಿದೆ, ಪೆಡಲ್ ಒತ್ತಿ ಹಿಡಿದು ಉಳಿದ ನೀರನ್ನೆಲ್ಲ ಹೊರಗೆ ಬಿಟ್ಟೆ. ಇನ್ನು ಫ್ಲಶ್‌ಗೆ ಒಂದು ಜಗ್. ಒಳಗಿನ ಶೆಲ್ಫಿನಲ್ಲಿಟ್ಟ ನೀರು ಎಂದೂ ಹೆಪ್ಪುಗಟ್ಟುವುದಿಲ್ಲ. ಅಮ್ಮನಿಗೆ ಇದೇ ಇಷ್ಟವಾಯಿತು. "ಪಂಪಿನ ಸದ್ದಿಗೆ ನಿನಗೆ ಎಚ್ಚರ ಆಗ್ತಿತ್ತು, ಈಗ ಅದಿಲ್ಲ" ಅಂದಳು.

ನಾಲ್ಕನೇ ದಿನ ನಿಜವಾದ ತೊಂದರೆ ಬಂತು. ಟ್ಯಾಂಕ್ ಮುಕ್ಕಾಲು ತುಂಬಿತ್ತು. ಕೊಳವೆ ಜೋಡಿಸಿ ಗೇಟ್ ವಾಲ್ವ್ ಹಿಡಿ ಎಳೆದೆ, ಬರಲಿಲ್ಲ. ಇನ್ನೂ ಜೋರಾಗಿ ಎಳೆದೆ. ಹಿಡಿ ಕಡ್ಡಿಯ ಸಮೇತ ಕೈಗೆ ಬಂತು, ತಗಡು ಒಳಗೇ ಉಳಿಯಿತು.

ಹಾಗೆ ಎಳೆಯಬಾರದಿತ್ತು. ತಗಡಿನ ಎರಡೂ ಬದಿ ಐಸ್ ಹಿಡಿದಿರುವಾಗ ಎಳೆದರೆ ಕಡ್ಡಿಯ ತಿರುಪಿನ ಮರೆ ಕಿತ್ತುಬರುತ್ತದೆ. ಈಗ 50 ಲೀಟರ್ ಮಲಿನ ನೀರು ಟ್ಯಾಂಕ್‌ನಲ್ಲಿದೆ, ಬಾಗಿಲು ಮುರಿದಿದೆ. ಬೆಂಕಿ ತೋರಿಸುವ ಯೋಚನೆ ಯಾರಿಗೂ ಬರದಿರಲಿ. ಪೈಪು ಪ್ಲಾಸ್ಟಿಕ್ಕು, ಟ್ಯಾಂಕಿನಲ್ಲಿ ಹೊತ್ತಿಕೊಳ್ಳುವ ಅನಿಲವೂ ಇರಬಹುದು, ಪಕ್ಕದಲ್ಲೇ ಗ್ಯಾಸ್ ಪೈಪು ಹಾದುಹೋಗಿರುತ್ತದೆ. ಮೇನ್ಸ್ ಕರೆಂಟಿನಲ್ಲಿ ಹೇರ್ ಡ್ರೈಯರ್ ಹಾಕಿ, ಕೆಳಗೆ ಚಾಪೆ ಹಾಸಿಕೊಂಡು ಮಲಗಿ, ಪೈಪಿನ ಸುತ್ತ ನಿಧಾನವಾಗಿ ಗಾಳಿ ಬಿಟ್ಟೆ. ನಲವತ್ತು ನಿಮಿಷ ಹಿಡಿಯಿತು. ಆಮೇಲೆ ಇಕ್ಕಳದಲ್ಲಿ ಕಡ್ಡಿಯ ಮೊಟಕು ತುದಿ ಹಿಡಿದು ಮೆಲ್ಲಗೆ ಎಳೆದಾಗ ತಗಡು ಸರಿಯಿತು. ಟ್ಯಾಂಕ್ ಖಾಲಿಯಾಯಿತು.

ಡ್ರೈಯರ್ ಹಿಡಿದು ಮಲಗಿದ್ದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಪೈಪನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋದೆ. ವಾಲ್ವ್‌ನ ಟ್ಯಾಂಕ್ ಬದಿಯಲ್ಲಿ ದಬ್ ದಬ್ ಅನ್ನುವ ಮೆತ್ತನೆ ಸದ್ದು. ಹೊರಬದಿಯಲ್ಲಿ ಗಟ್ಟಿ ಟಣ್. ಅಂದರೆ ಐಸ್ ಜಾಸ್ತಿ ಇದ್ದದ್ದು ಹೊರಗೆ! ಅಲ್ಲಿ ನೀರೇ ಇರಬಾರದಿತ್ತು, ಅಲ್ವಾ?

ಕಾರಣ ಪೈಪಿನ ತುದಿಯಲ್ಲಿತ್ತು. ಸೋರಿಕೆ ತಡೆಯಲಿ ಅಂತ ಹಿಂದಿನ ಮಾಲೀಕರು ಅಲ್ಲಿ ಎರಡನೇ ಗೇಟ್ ವಾಲ್ವ್ ಒಂದನ್ನು ತಿರುಗಿಸಿ ಹಾಕಿದ್ದರು. ಬೇಸಿಗೆಯಲ್ಲಿ ಅದು ಒಳ್ಳೆಯದೇ. ಆದರೆ ಮೊದಲ ವಾಲ್ವ್‌ನ ತೋಡಿನಲ್ಲಿ ಸಣ್ಣ ಕಾಗದದ ಚೂರು ಸಿಕ್ಕಿ ತಗಡು ಪೂರ್ತಿ ಮುಚ್ಚುತ್ತಿರಲಿಲ್ಲ. ಹನಿಹನಿಯಾಗಿ ಸೋರಿದ್ದು ಎರಡು ವಾಲ್ವ್‌ಗಳ ನಡುವೆ ನಿಂತು, ಅರ್ಧ ಲೀಟರ್ ಆಗಿ, ಒಂದೇ ರಾತ್ರಿಯಲ್ಲಿ ಗಟ್ಟಿಯಾಗಿತ್ತು. ಎರಡನೇ ವಾಲ್ವ್ ತೆಗೆದುಬಿಟ್ಟೆ. ಅದರ ಬದಲು ಮಾಮೂಲಿ ಮುಚ್ಚಳ, ಕೆಳಗೊಂದು ಬಕೆಟ್. ಸೋರಿದರೆ ಕಾಣುತ್ತದೆ.

ಆರನೇ ದಿನ ಮೊದಲ ವಾಲ್ವ್ ಪೂರ್ತಿ ಬದಲಿಸಿದೆ. ಟ್ಯಾಂಕ್ ಖಾಲಿ ಮಾಡಿ ಎರಡು ಸಲ ತೊಳೆದ ಮೇಲೆ ನಾಲ್ಕು ಬೋಲ್ಟ್ ಬಿಚ್ಚಿದರೆ ವಾಲ್ವ್ ಕೈಗೆ ಬರುತ್ತದೆ. ಎರಡೂ ಬದಿಯ ಸೀಲ್ ಹೊಸದು ಹಾಕಿ. ಅವು ತಮ್ಮ ತೋಡಿನಲ್ಲಿ ಪೂರ್ತಿ ಕೂತಿವೆಯಾ ಅಂತ ಬೆರಳಾಡಿಸಿ ನೋಡಿಯೇ ವಾಲ್ವ್ ಒಳಗೆ ಸರಿಸಬೇಕು. ಒಂದು ಕಡೆ ಮಡಚಿಕೊಂಡರೂ ಮತ್ತೆ ಸೋರುತ್ತದೆ. ದಪ್ಪ ರಬ್ಬರ್ ಕೈಗವಸು, ಕನ್ನಡಕ, ಹಳೆಯ ಬಟ್ಟೆ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ.

ಆ ರಾತ್ರಿ ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. ಇಷ್ಟೂ ಕೆಲಸದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಈ ಲೆಕ್ಕವೇ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ತಣಿಸಲು ಸುಮಾರು 4.2 ಕಿಲೋಜೂಲ್ ಶಾಖ ಹೊರಹೋಗಬೇಕು. ಅದೇ ಲೀಟರ್, ಸೊನ್ನೆ ಡಿಗ್ರಿಯಲ್ಲಿ ನಿಂತು ಪೂರ್ತಿ ಐಸ್ ಆಗಲು 334 ಕಿಲೋಜೂಲ್ ಹೋಗಬೇಕು. ಅಂದರೆ ಸುಮಾರು ಎಂಬತ್ತು ಪಟ್ಟು. ಟ್ಯಾಂಕ್‌ನಲ್ಲಿ 40 ಲೀಟರ್ ಇದ್ದರೆ ಅದೆಲ್ಲ ಗಟ್ಟಿಯಾಗಲು 3.7 ಯೂನಿಟ್ ಕರೆಂಟಿನಷ್ಟು ಶಾಖ ಆರಬೇಕು. ನೂರು ವ್ಯಾಟ್ ಲೆಕ್ಕದಲ್ಲಿ ಆರಿದರೂ ಒಂದೂವರೆ ದಿನ ಬೇಕು. ವಾಲ್ವ್ ಹತ್ತಿರದ ಅರ್ಧ ಲೀಟರ್‌ಗೆ? ಬರೀ 5 ವ್ಯಾಟ್ ಆರಿಹೋದರೂ ಒಂಬತ್ತು ಗಂಟೆ ಸಾಕು. ಒಂದು ರಾತ್ರಿ.

ಎಲ್ಲರೂ ಟ್ಯಾಂಕ್ ಬಗ್ಗೆ ಚಿಂತೆ ಮಾಡುತ್ತಾರೆ. ನಾನೂ ಮಾಡಿದ್ದೆ. ಟ್ಯಾಂಕ್ ದೊಡ್ಡದು, ಅದು ತಾಳಿಕೊಳ್ಳುತ್ತದೆ. ಕೈಕೊಡುವುದು ಚಿಕ್ಕ ಜಾಗಗಳು. ಕಮೋಡಿನ ತಳದ ಒಂದು ಲೋಟ, ಫ್ಲಶ್ ವಾಲ್ವ್‌ನೊಳಗಿನ ನಾಲ್ಕು ಚಮಚ, ಗೇಟ್ ಹತ್ತಿರದ ಅರ್ಧ ಲೀಟರ್. ನಮ್ಮದರಲ್ಲಿ ಕೆಟ್ಟದ್ದು ಇದೇ ಮೂರು, ಇದೇ ಕ್ರಮದಲ್ಲಿ.

ಆಂಟಿಫ್ರೀಜ್, ಅಂದರೆ ನೀರು ಹೆಪ್ಪುಗಟ್ಟದಂತೆ ತಡೆಯುವ ದ್ರವ, ಅದೊಂದರಿಂದಲೇ ಮುಗಿಸಬಾರದೇಕೆ ಅಂತ ಕೇಳಬಹುದು. ಕ್ಯಾಂಪರ್‌ಗೆ ಬಳಸುವುದು ಗುಲಾಬಿ ಬಣ್ಣದ ಪ್ರೊಪಿಲೀನ್ ಗ್ಲೈಕಾಲ್. ಕಾರಿನ ರೇಡಿಯೇಟರ್‌ಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ, ಅದನ್ನು ಇಲ್ಲಿ ತರಲೇಬೇಡಿ. ಆಲ್ಕೋಹಾಲ್ ಬೆರೆಸಿದ ಅಗ್ಗದ ಬಗೆಯೂ ಇದೆ, ಅದು ರಬ್ಬರ್ ಸೀಲನ್ನು ಒಣಗಿಸುತ್ತದೆ, ಬೆಂಕಿಗೂ ಹತ್ತಿಕೊಳ್ಳುತ್ತದೆ. ಇನ್ನೊಂದು ಮಾತು. ಡಬ್ಬಿಯ ಮೇಲೆ ಮೈನಸ್ 50 ಫ್ಯಾರನ್‌ಹೀಟ್ ಅಂತ ದೊಡ್ಡದಾಗಿ ಬರೆದಿರುತ್ತದೆ. ಅದು ನಮ್ಮ ಲೆಕ್ಕದಲ್ಲಿ ಮೈನಸ್ 46. ಆದರೆ ಅಲ್ಲಿಯವರೆಗೆ ಪೈಪ್ ಒಡೆಯುವುದಿಲ್ಲ ಅಂತಷ್ಟೇ ಅದರ ಅರ್ಥ. ಆ ದ್ರವ ಮೈನಸ್ 12ರ ಸುಮಾರಿಗೇ ಪುಡಿ ಐಸ್ ಕಲಸಿದ ಹಾಗೆ ಆಗಲು ಶುರುವಾಗುತ್ತದೆ. ಮೇಲಾಗಿ ಟ್ಯಾಂಕ್‌ನಲ್ಲಿ ದಿನದಿನಕ್ಕೂ ಅದು ತೆಳುವಾಗುತ್ತಾ ಹೋಗುತ್ತದೆ. 40 ಲೀಟರ್‌ನಲ್ಲಿ 4 ಲೀಟರ್ ಇದ್ದರೆ ಹತ್ತರಲ್ಲಿ ಒಂದು ಪಾಲು. ಅದು ಅಪ್ಪಟ ಗ್ಲೈಕಾಲ್ ಆಗಿದ್ದರೂ ಮೈನಸ್ 3ರವರೆಗೆ ಮಾತ್ರ ಕಾಯುತ್ತದೆ. ತೊಳೆದುಕೊಳ್ಳಲು ನೀರು ಬಳಸುವವರ ಟ್ಯಾಂಕ್‌ನಲ್ಲಂತೂ ಇನ್ನೂ ಬೇಗ ತೆಳುವಾಗುತ್ತದೆ. ಚಿಕ್ಕ ಜಾಗಗಳಿಗೆ ಆಂಟಿಫ್ರೀಜ್ ಸರಿ. ಟ್ಯಾಂಕ್‌ಗೆ ಶಾಖವೇ ಬೇಕು.

ಎಂಟನೇ ದಿನ ಹೀಟಿಂಗ್ ಪ್ಯಾಡ್ ಅಂಟಿಸಿದೆ. 12 ವೋಲ್ಟ್, 65 ವ್ಯಾಟ್. ಅದರೊಳಗೇ ಥರ್ಮೋಸ್ಟಾಟ್ ಇದೆ, 7 ಡಿಗ್ರಿಗೆ ಆನ್, 20ಕ್ಕೆ ಆಫ್. ಕೆಳಗಿನ ಪ್ಲಾಸ್ಟಿಕ್ ಹಾಳೆ ಬಿಚ್ಚಿ ಟ್ಯಾಂಕಿನ ತಳ ತೊಳೆದೆ, ಮರಳು ಕಾಗದದಲ್ಲಿ ಸ್ವಲ್ಪ ಉಜ್ಜಿದೆ, ಆಲ್ಕೋಹಾಲ್ ಬಟ್ಟೆಯಲ್ಲಿ ಒರೆಸಿದೆ. ಟ್ಯಾಂಕಿನ ಮೈ ತಣ್ಣಗಿದ್ದರೆ ಅಂಟು ಹಿಡಿಯುವುದಿಲ್ಲ. ಅದಕ್ಕೆ ಮೊದಲು ಟ್ಯಾಂಕ್‌ಗೆ ಹತ್ತು ಲೀಟರ್ ಬೆಚ್ಚನೆ ನೀರು ಬಿಟ್ಟು, ಜೊತೆಗೆ ತಳಕ್ಕೆ ಹೇರ್ ಡ್ರೈಯರ್ ಹಿಡಿದೆ. ಪೈಪಿನ ಬಾಯಿ ಇರುವ ಬದಿಗೆ ಪ್ಯಾಡ್ ಇಟ್ಟು, ಒಂದು ಅಂಚಿನಿಂದ ರೋಲರ್‌ನಲ್ಲಿ ಒತ್ತುತ್ತಾ ಹೋದೆ. ನಡುವೆ ಗಾಳಿ ಗುಳ್ಳೆ ಉಳಿದರೆ ಅಲ್ಲಿ ಪ್ಯಾಡ್ ತಾನೇ ಕಾದು ಸುಡುತ್ತದೆ. ಅದನ್ನು ಕತ್ತರಿಸುವುದಾಗಲಿ ಮಡಿಸುವುದಾಗಲಿ ಕೂಡದು. 2.5 ಚದರ ಮಿಲಿಮೀಟರ್ ವೈರ್, ಬ್ಯಾಟರಿ ಪಕ್ಕದಲ್ಲಿ 10 ಆಂಪ್ ಫ್ಯೂಸ್, ಒಳಗೆ ಕೈಗೆಟುಕುವಂತೆ ಒಂದು ಸ್ವಿಚ್, ಅದಕ್ಕೊಂದು ಕೆಂಪು ದೀಪ. ಟ್ಯಾಂಕ್ ಒಣಗಿದ್ದಾಗ ಪ್ಯಾಡ್ ಆನ್ ಇರಬಾರದು, ದೀಪ ಅದನ್ನು ನೆನಪಿಸಲಿ ಅಂತ.

ಮೂರು ಥರ್ಮಾಮೀಟರ್ ಸೆನ್ಸರ್‌ಗಳನ್ನೂ ಕಟ್ಟಿದೆ. ಒಂದು ಟ್ಯಾಂಕಿನ ಪಕ್ಕಕ್ಕೆ, ಒಂದು ಗೇಟ್ ವಾಲ್ವ್ ಮೈಗೆ, ಒಂದು ಹೊರಗಾಳಿಗೆ. ಇದಿಲ್ಲದೆ ಇಂಥ ಕೆಲಸ ಸುಮ್ನೆ ಊಹೆಯಾಗುತ್ತದೆ.

ಮೊದಲ ರಾತ್ರಿಯ ಅಳತೆ ನೋಡಿ ಬೇಸರವಾಯಿತು. ಹೊರಗೆ ಮೈನಸ್ 11. ಕೆಂಪು ದೀಪ ರಾತ್ರಿಯಿಡೀ ಆರಲೇ ಇಲ್ಲ. ಬೆಳಗ್ಗೆ ಟ್ಯಾಂಕ್ 4 ಡಿಗ್ರಿ, ವಾಲ್ವ್ ಮೈನಸ್ 5. ಬ್ಯಾಟರಿ ಪೂರ್ತಿ ಬಸವಳಿದಿತ್ತು. 65 ವ್ಯಾಟ್ ಅಂದರೆ ಐದೂವರೆ ಆಂಪ್ ಹತ್ತಿರ. ನಮ್ಮದು 100 ಆಂಪ್-ಅವರ್ ಲೆಡ್ ಬ್ಯಾಟರಿ. ಅದು ಬಾಳಿಕೆ ಬರಬೇಕಾದರೆ ಅರ್ಧ ಮಾತ್ರ ಬಳಸಬೇಕು. ಒಂಬತ್ತು ಗಂಟೆಗೆ ಆ ಅರ್ಧ ಮುಗಿಯುತ್ತದೆ. ಚಳಿಯಲ್ಲಿ ಬ್ಯಾಟರಿಯ ಶಕ್ತಿಯೂ ಕುಗ್ಗಿರುತ್ತದೆ. (ಲಿಥಿಯಂ ಇದ್ದವರು ಒಂದು ನೆನಪಿಡಿ. ಸೊನ್ನೆಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು.)

ತಪ್ಪು ಪ್ಯಾಡಿನದಲ್ಲ. ಟ್ಯಾಂಕಿನ ತಳ ಮತ್ತು ನಾಲ್ಕು ಬದಿ ಸೇರಿದರೆ ಸುಮಾರು 0.9 ಚದರ ಮೀಟರ್. ಬರಿಮೈಯಲ್ಲಿ, ಹೊರಗೆ ಮೈನಸ್ 15 ಇರುವಾಗ ಒಳಗೆ 5 ಡಿಗ್ರಿ ಹಿಡಿದಿಡಲು ನನ್ನ ಅಂದಾಜಿನಲ್ಲಿ ನೂರು ವ್ಯಾಟ್‌ಗೂ ಜಾಸ್ತಿ ಬೇಕು. 65 ಹೇಗೆ ಸಾಕಾದೀತು? ಅದೇ ಮೈಗೆ 25 ಮಿಲಿಮೀಟರ್ ಗಟ್ಟಿ ಫೋಮ್ ಹೊದಿಸಿದರೆ 20ರಿಂದ 30 ವ್ಯಾಟ್‌ನಲ್ಲಿ ಮುಗಿಯುತ್ತದೆ. ಹೊದಿಕೆ ಮೊದಲು ಹಾಕಿ ಆಮೇಲೆ ಪ್ಯಾಡ್ ಬಗ್ಗೆ ಯೋಚಿಸಬೇಕಿತ್ತು.

ಹನ್ನೊಂದು, ಹನ್ನೆರಡನೇ ದಿನ ಎರಡೂ ಫೋಮ್ ಕೆಲಸಕ್ಕೇ ಹೋಯಿತು. ಒತ್ತಿದರೆ ಕುಗ್ಗದ, ನೀರು ಹೀರದ ಗಟ್ಟಿ ಫೋಮ್ ಹಾಳೆ ಬೇಕು. ಪ್ಯಾಕಿಂಗ್‌ನಲ್ಲಿ ಬರುವ ಬಿಳಿ ಥರ್ಮಾಕೋಲ್ ಪುಡಿಪುಡಿಯಾಗುತ್ತದೆ. ತಳಕ್ಕೆ ಒಂದು ತುಂಡು, ಬದಿಗೆ ನಾಲ್ಕು, ಎಲ್ಲ ಸಂದಿಗೂ ಅಲ್ಯೂಮಿನಿಯಂ ಟೇಪ್. ಟ್ಯಾಂಕಿನ ಮೇಲ್ಭಾಗಕ್ಕೆ ಏನೂ ಹಾಕಲಿಲ್ಲ. ಅದು ನಮ್ಮ ನೆಲಕ್ಕೆ ಅಂಟಿಕೊಂಡಿದೆ, ಒಳಗಿನ ಬಿಸಿ ಅಲ್ಲಿಂದ ಇಳಿಯಲಿ. ಟೇಪ್ ಒತ್ತುವಾಗ ಚಮಚದ ಬೆನ್ನಿನಿಂದ ಉಜ್ಜಿದರೆ ಚೆನ್ನಾಗಿ ಕೂರುತ್ತದೆ. ಬೆರಳಿನಿಂದ ಒತ್ತಿದ್ದು ಮರುದಿನ ಎದ್ದುಬಂದಿತ್ತು.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಕ್ಯಾಂಪರ್ ನೆಲದಲ್ಲಿ ಅಡುಗೆ ಗ್ಯಾಸ್ ಸೋರಿದರೆ ಕೆಳಗಿಳಿದು ಹೋಗಲೆಂದೇ ತೂತುಗಳನ್ನು ಬಿಟ್ಟಿರುತ್ತಾರೆ. ಆ ಗ್ಯಾಸ್ ಗಾಳಿಗಿಂತ ಭಾರ, ತಳದಲ್ಲೇ ನಿಲ್ಲುತ್ತದೆ. ಚಳಿ ಬರುತ್ತದೆ ಅಂತ ಆ ತೂತುಗಳಿಗೆ ಫೋಮ್ ಮುಚ್ಚಬೇಡಿ. ಹೀಟರ್‌ನ ಹೊಗೆ ಬಾಯಿಗೂ ಅಷ್ಟೇ. ನಾನು ಫೋಮ್ ಕತ್ತರಿಸುವ ಮೊದಲು ಎಲ್ಲ ತೂತುಗಳಿಗೂ ಒಳಗಿನಿಂದ ದಾರ ಇಳಿಬಿಟ್ಟು, ಕೆಳಗೆ ಎಲ್ಲೆಲ್ಲಿ ಬಂತು ಅಂತ ಗುರುತು ಹಾಕಿಕೊಂಡೆ.

ಆ ರಾತ್ರಿ ಹೊರಗೆ ಮೈನಸ್ 10, ಟ್ಯಾಂಕ್ 9 ಡಿಗ್ರಿ. ಕೆಂಪು ದೀಪ ಹೊತ್ತುತ್ತಾ ಆರುತ್ತಾ ಇತ್ತು. ಆದರೆ ವಾಲ್ವ್ ಇನ್ನೂ ಮೈನಸ್ 3. ಟ್ಯಾಂಕಿನ ಬಿಸಿ ಗೇಣುದ್ದದ ಪ್ಲಾಸ್ಟಿಕ್ ಪೈಪ್ ದಾಟಿ ಅಲ್ಲಿಗೆ ಮುಟ್ಟುವುದಿಲ್ಲ.

ವಾಲ್ವ್‌ಗೆ ಇನ್ನೊಂದು ಚಿಕ್ಕ ಪ್ಯಾಡ್ ಹಾಕಬಹುದಿತ್ತು, ಆದರೆ ಬ್ಯಾಟರಿ ಮೇಲೆ ಇನ್ನಷ್ಟು ಭಾರ ಬೇಡ ಅನ್ನಿಸಿತು. ಕೈ ತೊಳೆಯುವ ಬೇಸಿನ್ ಕೆಳಗಿನ ಕಪಾಟು ಸರಿಯಾಗಿ ಆ ವಾಲ್ವ್ ಮೇಲೇ ಇದೆ. ಒಳಗೆ 18 ಡಿಗ್ರಿ ಗಾಳಿ ಹೇಗೂ ಇದೆಯಲ್ಲ, ಅದನ್ನೇ ಇಳಿಸೋಣ ಅಂದುಕೊಂಡೆ. ಮೊದಲು ಕೆಳಗೆ ಮಲಗಿ ಆ ಜಾಗದಲ್ಲಿ ವೈರ್, ಗ್ಯಾಸ್ ಪೈಪು ಇಲ್ಲ ಅಂತ ನೋಡಿಕೊಂಡೆ. ಆಮೇಲೆ ಸಣ್ಣ ಡ್ರಿಲ್‌ನಲ್ಲಿ ಗುರುತಿನ ತೂತು ಹಾಕಿ, ಕೆಳಗೆ ಎಲ್ಲಿ ಬಂತು ಅಂತ ಮತ್ತೊಮ್ಮೆ ನೋಡಿಯೇ ದೊಡ್ಡ ತೂತು ಕೊರೆದೆ. ಒಂದು 75 ಮಿಲಿಮೀಟರ್, ಗಾಳಿ ಇಳಿಯಲು. ಇನ್ನೊಂದು 50, ವಾಪಸ್ ಏರಲು. ದೊಡ್ಡದರ ಮೇಲೆ 80 ಮಿಲಿಮೀಟರ್ ಕಂಪ್ಯೂಟರ್ ಫ್ಯಾನ್. ಅದು ತಿನ್ನುವುದು ಬರೀ 2 ವ್ಯಾಟ್. ಎರಡಕ್ಕೂ ಇಲಿ ಬರದಂತೆ ಸಣ್ಣ ಕಣ್ಣಿನ ಉಕ್ಕಿನ ಜಾಲರಿ.

ಕೆಳಗೆ ವಾಲ್ವ್ ಸುತ್ತ ಫೋಮ್ ಪೆಟ್ಟಿಗೆ ಕಟ್ಟಿದೆ. ಪೆಟ್ಟಿಗೆಯ ಮುಂದಿನ ಹಲಗೆ ವೆಲ್‌ಕ್ರೋ ಪಟ್ಟಿಯಲ್ಲಿ ನಿಂತಿದೆ, ಖಾಲಿ ಮಾಡುವಾಗ ಎಳೆದರೆ ಬರುತ್ತದೆ. ಹಿಡಿಯ ಕಡ್ಡಿ ಹೊರಬರುವ ಕಡೆ ಹಳೆಯ ಕಾಲುಚೀಲದ ತುಂಡನ್ನು ಸುತ್ತಿ ಸಂದಿ ಮುಚ್ಚಿದೆ. ಕಬ್ಬಿಣದ ಕಡ್ಡಿ ಹೊರಗಿನ ಚಳಿಯನ್ನು ಸೀದಾ ತಗಡಿಗೇ ತಂದು ಮುಟ್ಟಿಸುತ್ತದೆ. ಅದು ಮೊದಲು ನನಗೆ ಹೊಳೆದಿರಲಿಲ್ಲ, ಸೆನ್ಸರ್ ಜಾಗ ಬದಲಿಸಿ ನೋಡಿದಾಗ ಗೊತ್ತಾಯಿತು. ಪೆಟ್ಟಿಗೆಯೊಳಗೆ ಕೈಯಿಟ್ಟರೆ ಮೆಲ್ಲಗೆ ಬೆಚ್ಚನೆ ಗಾಳಿ ಬೆರಳ ಸಂದಿಯಲ್ಲಿ ಹಾಯುತ್ತದೆ. ಮೊದಲ ಸಲ ಅದು ತಾಗಿದಾಗ ಆದ ಸಮಾಧಾನ ಇನ್ನೂ ನೆನಪಿದೆ.

ಹದಿನಾರನೇ ರಾತ್ರಿ ಮೈನಸ್ 15ಕ್ಕೆ ಇಳಿಯಿತು. ಮೂರು ಗಂಟೆಗೆ ಎದ್ದು ನೋಡಿದೆ. ಟ್ಯಾಂಕ್ 8, ವಾಲ್ವ್ 6. ಬೆಳಗ್ಗೆ ಹಿಡಿಯನ್ನು ಎರಡು ಬೆರಳಿನಲ್ಲಿ ಎಳೆದೆ, ಸರಕ್ಕನೆ ಬಂತು. ಪ್ಯಾಡ್ ರಾತ್ರಿಯ ಅರ್ಧಕ್ಕಿಂತ ಕಡಿಮೆ ಹೊತ್ತು ಉರಿದಿತ್ತು. ಹದಿನಾಲ್ಕು ಗಂಟೆಗೆ ಸುಮಾರು 30 ಆಂಪ್-ಅವರ್. ಬ್ಯಾಟರಿಗೆ ಇದು ತಾಳುವ ಹೊರೆ.

ಅದೇ ಬೆಳಗ್ಗೆ ಇನ್ನೊಂದು ತೊಂದರೆ. ಬಾತ್‌ರೂಮಿನಲ್ಲಿ ವಾಸನೆ. ಸೀಲ್ ಚೆನ್ನಾಗಿದೆ, ತಳದಲ್ಲಿ ನೀರೂ ನಿಂತಿದೆ. ಪೆಡಲ್ ಒತ್ತಿದಾಗಲೆಲ್ಲ ಕೆಳಗಿನ ಗಾಳಿ ಮುಖಕ್ಕೇ ಬರುತ್ತಿತ್ತು. ಏಣಿ ಹಾಕಿ ಚಾವಣಿ ನೋಡಿದೆ. ಟ್ಯಾಂಕಿನ ಗಾಳಿ ಪೈಪಿನ ಬಾಯಲ್ಲಿ ಹಿಮದ ಉಂಗುರ. ಈಗ ಟ್ಯಾಂಕ್ ಬೆಚ್ಚಗಿದೆ, ಅದರ ತೇವದ ಗಾಳಿ ಮೇಲೇರಿ ತುದಿಯಲ್ಲಿ ಹೆಪ್ಪುಗಟ್ಟಿ, ನಡುವೆ ಹೆಬ್ಬೆರಳಷ್ಟು ತೂತು ಮಾತ್ರ ಉಳಿದಿತ್ತು. ಮರದ ಕಡ್ಡಿಯಿಂದ ಕೆರೆದು ತೆಗೆದೆ. ಪೈಪು ಚಾವಣಿಯಿಂದ ಮೇಲೆ ಚಾಚಿಕೊಂಡಿರುವ ಭಾಗಕ್ಕೂ ಫೋಮ್ ಸುತ್ತಿದೆ. ಆಮೇಲೆ ಉಂಗುರ ಬೆಳೆಯುವುದು ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ಮೂರು ದಿನಕ್ಕೊಮ್ಮೆ ನೋಡುತ್ತೇನೆ. ಐಸ್ ಇರುವ ಚಾವಣಿ ಮೇಲೆ ಹತ್ತುವುದಿಲ್ಲ, ಏಣಿ ಮೇಲಿಂದಲೇ ಕೈ ಚಾಚುತ್ತೇನೆ.

ಈಗ ದಿನದ ರೂಢಿ ಹೀಗಿದೆ. ಮಲಗುವ ಮೊದಲು ಕಮೋಡಿನ ತಳದ ನೀರು ಬಿಟ್ಟು, ಅದರ ಜಾಗಕ್ಕೆ ಅರ್ಧ ಲೋಟ ಗುಲಾಬಿ ದ್ರವ. ರಾತ್ರಿ ಯಾರಾದರೂ ಎದ್ದರೆ ಜಗ್ ನೀರು ಹಾಕಿದ ಮೇಲೆ ಮತ್ತೆ ಅರ್ಧ ಲೋಟ. ಬಾತ್‌ರೂಮ್ ಬಾಗಿಲು ಒಂದು ಗೇಣು ತೆರೆದೇ ಇರುತ್ತದೆ. ಮೊದಲ ದಿನದ ಐಸ್ ಬಿಲ್ಲೆಗೆ ಅರ್ಧ ಕಾರಣ ಆ ಮುಚ್ಚಿದ ಬಾಗಿಲೇ. ಟ್ಯಾಂಕ್ ಮೂರರಲ್ಲಿ ಎರಡು ಪಾಲು ತುಂಬಿದ ಮೇಲೆ, ಮಧ್ಯಾಹ್ನದ ಬಿಸಿಲಿನಲ್ಲಿ ಖಾಲಿ ಮಾಡುತ್ತೇನೆ. ವಾಲ್ವ್ ತೆರೆದೇ ಇಟ್ಟರೆ ನೀರು ಹರಿದುಹೋಗಿ ಗಟ್ಟಿ ಭಾಗ ಟ್ಯಾಂಕ್‌ನಲ್ಲೇ ಗುಡ್ಡೆಯಾಗುತ್ತದೆ, ಆಮೇಲೆ ಏನು ಮಾಡಿದರೂ ಕದಲುವುದಿಲ್ಲ. ಕೊಳವೆಯನ್ನು ಖಾಲಿ ಮಾಡಿದ ತಕ್ಷಣ ಬಿಚ್ಚಿ, ನೀರು ಬಸಿದು, ಮುಚ್ಚಳವಿರುವ ಡಬ್ಬದಲ್ಲಿ ಹಾಕಿಡುತ್ತೇನೆ. ಚಳಿಗೆ ಗಡುಸಾದ ಕೊಳವೆ ಮಡಿಸಿದರೆ ಸೀಳುತ್ತದೆ. ಖಾಲಿಯಾದ ಟ್ಯಾಂಕ್‌ಗೆ ಕಮೋಡಿನಿಂದಲೇ 4 ಲೀಟರ್ ಆಂಟಿಫ್ರೀಜ್ ಇಳಿಬಿಡುತ್ತೇನೆ. ತಗ್ಗಿನಲ್ಲಿರುವ ಪೈಪಿನ ಬಾಯಿಗೆ ಮೊದಲು ಅದೇ ಸೇರಿ ವಾಲ್ವ್ ತಗಡಿಗೆ ಒತ್ತಿಕೊಂಡು ನಿಲ್ಲುತ್ತದೆ. ವಾಸನೆಗೆಂದು ಹಾಕುವ ಬ್ಯಾಕ್ಟೀರಿಯಾ ಪುಡಿಯನ್ನು ಈ ಚಳಿಯಲ್ಲಿ ನಿಲ್ಲಿಸಿದ್ದೇನೆ, ತಣ್ಣಗಿದ್ದರೆ ಅವು ಸರಿಯಾಗಿ ಕೆಲಸ ಮಾಡುವುದಿಲ್ಲ.

ಕ್ಯಾಸೆಟ್ ಟಾಯ್ಲೆಟ್ ಇದ್ದವರಿಗೆ ಇಷ್ಟು ಕಷ್ಟವಿಲ್ಲ. ಮಲಿನ ನೀರು ಸೇರುವ ಅವರ ಪೆಟ್ಟಿಗೆ ಹೊರತೆಗೆಯಬಹುದಾದದ್ದು, ಗೋಡೆಯೊಳಗೇ ಇರುತ್ತದೆ. ಹೊರಗಿನ ಸಣ್ಣ ಬಾಗಿಲಿನ ಒಳಮೈಗೆ ಫೋಮ್ ಅಂಟಿಸಿ, ಫ್ಲಶ್ ಟ್ಯಾಂಕ್ ಖಾಲಿ ಮಾಡಿ ಜಗ್ ಬಳಸಿದರೆ ಹೆಚ್ಚಿನ ಚಳಿ ದಾಟಬಹುದು. ಪೆಟ್ಟಿಗೆ ಗಟ್ಟಿಯಾದರೆ ಬಾಗಿಲ ಜಾರುತಗಡನ್ನು ಬಲವಂತ ಮಾಡದೆ, ಒಳಗೆ ತಂದು ಕರಗಲು ಬಿಡಿ.

ಒಂದು ಬಕೆಟ್, ದಪ್ಪ ಚೀಲ, ಒಂದು ಪೊಟ್ಟಣ ಮರದ ಹೊಟ್ಟು ಮಂಚದ ಕೆಳಗೆ ಇವತ್ತಿಗೂ ಇವೆ. ಕರೆಂಟ್ ಹೋಗಿ ಬ್ಯಾಟರಿಯೂ ಮುಗಿದ ರಾತ್ರಿಗೆ ಅಂತ. ಇನ್ನೂ ಬಳಸುವ ಸಂದರ್ಭ ಬಂದಿಲ್ಲ.

ನಿನ್ನೆ ರಾತ್ರಿ ಮೈನಸ್ 13. ಬೇಸಿನ್ ಕೆಳಗಿನ ಫ್ಯಾನ್ ಗುಯ್ ಅನ್ನುವುದು ಹಾಸಿಗೆಗೆ ಕೇಳುತ್ತದೆ. ಅಮ್ಮ ಎದ್ದಳು, ಜಗ್ ನೀರು ಸುರಿದ ಸದ್ದಾಯಿತು, ಪೆಡಲ್ ಟಕ್ ಅಂತ ಮುಚ್ಚಿಕೊಂಡಿತು. "ಎದ್ದಿದೀಯಾ? ಮಲಕ್ಕೋ, ಎಲ್ಲ ಸರಿ ಇದೆ" ಅಂದು ದೀಪ ಆರಿಸಿದಳು.